ಅಜಿತ್ ಓ ಎನ್ನದ ಹಾಡು

ಮಗ ಹಾಡುವುದು ಹಾಡೇ ಅಲ್ಲ, ಜಗಳಕ್ಕೆ ನಿಂತವನ ಹಾಗೆ ಬಡಬಡ ಮಾತಾಡುವುದು ಎಂದು ಇಂದುಮತಿಯವರು ಮೊದಲಿನಿಂದಲೂ ಹೇಳುತ್ತಿದ್ದರು. ಆದರೆ ಮಟ್ಟಾಂಚೇರಿಯ ಹಳೆಯ ಓಣಿಗೆ ಹೋದಾಗ ಯಾರಾದರೂ "ಚುಕ್ಕು ಸುಧನ ಅಮ್ಮ ಅಲ್ವಾ?" ಎಂದರೆ, ಸೆರಗು ಸರಿಮಾಡಿಕೊಂಡು ಇನ್ನೊಂದು ಸಲ ಕೇಳಲಿ ಎನ್ನುವಂತೆ ನಿಲ್ಲುತ್ತಿದ್ದರು.

ಚುಕ್ಕು ಎಂದರೆ ಅಲ್ಲಿ ಒಣಶುಂಠಿ. ಇಂದುಮತಿಯವರ ಗಂಡ ಸುಬ್ರಾಯರು ಪುತ್ತೂರಿನವರು, ಬ್ಯಾಂಕಿನ ವರ್ಗಾವಣೆಯಲ್ಲಿ ಕೊಚ್ಚಿಗೆ ಬಂದವರು. ಬಾಡಿಗೆ ಮನೆ ಶುಂಠಿ ಗೋದಾಮಿನ ಬೆನ್ನಿಗೇ ಇತ್ತು. ಒಗೆದ ಬಟ್ಟೆಗೂ ಶುಂಠಿಯ ಘಾಟು, ಉಣ್ಣುವ ಅನ್ನಕ್ಕೂ ಅದೇ ಘಾಟು. ಮಗ ಸುಧನ್ವ ಕಾಲೇಜು ಮುಗಿಸಿದ ವರ್ಷ ಆ ಗೋದಾಮಿನೊಳಗೇ ಚುಕ್ಕು ಸುಧ ಎಂಬ ಹೆಸರಿನಲ್ಲಿ ತನ್ನ ಮೊದಲ ರ್‍ಯಾಪ್ ಆಲ್ಬಂ ಮಾಡಿದ. ಪಕ್ಕದ ಮನೆಯ ಅಜಿತ್ ತಾಳಕ್ಕೆ ಬಿಸ್ಕೆಟ್ ಡಬ್ಬ ಬಡಿದ. ಹಾಡು ಮಲಯಾಳದ್ದು, ನಡುನಡುವೆ ಅಮ್ಮ ಬೈಯುವ ಕನ್ನಡ.

ರ್‍ಯಾಪ್ ಹಾಡುವವರು ತಮ್ಮ ಓಣಿಯ ಹೆಸರು, ತಮ್ಮವರ ಹೆಸರು ಹಾಡಿನಲ್ಲಿ ಹೇಳಬೇಕಂತೆ, ಅದು ಅವರ ಪದ್ಧತಿ. ಸುಧನ್ವ ಬರಿದೇ ಹೆಸರು ಹೇಳಲಿಲ್ಲ. ಹೇಳುವವರನ್ನೆಲ್ಲ ಗೋದಾಮಿಗೆ ಕರೆಸಿ ನಿಲ್ಲಿಸಿದ. ಅವನು ಒಬ್ಬೊಬ್ಬರ ಹೆಸರು ಕರೆಯುವುದು, ಅವರು "ಓ!" ಎನ್ನುವುದು. ತಡಮಾಡಿದವರಿಗೆ ಅಮ್ಮನ ಬೈಗುಳ: "ಕರೆದ್ರೆ ಓ ಅನ್ಲಿಕ್ಕೆ ಬಾಯಿಲ್ವಾ ನಿನಗೆ?" ಅಜಿತನ ತಾಯಿ ಮೇರಿ ಒಲೆಯ ಮುಂದಿನಿಂದ ಸೌಟು ಹಿಡಿದೇ ಬಂದವಳು ಎಷ್ಟು ಜೋರಾಗಿ ಓ ಎಂದಳೆಂದರೆ ಮಾಡಿನ ಪಾರಿವಾಳಗಳು ಹಾರಿದವು. ಆ ರೆಕ್ಕೆಯ ಸದ್ದು ಕೂಡ ಹಾಡಿನಲ್ಲಿದೆ.

"ಅಲ್ಲ ಮಾರಾಯ, ಹೆಸರು ನೀನು ಹೇಳಿದ್ರೆ ಸಾಲ್ದಾ? ಅವರ ಕೆಲಸ ಯಾಕೆ ಕೆಡಿಸ್ತೀ?" ಎಂದು ಇಂದುಮತಿಯವರು ಕೇಳಿದ್ದರು.

"ಇಲ್ಲದವರನ್ನು ಕರೀಲಿಕ್ಕಿಲ್ಲ ಅಮ್ಮ. ಕರೆದ್ರೆ ಅವರು ಅಲ್ಲಿ ಇರ್ಬೇಕು."

ಆ ಆಲ್ಬಂ ಫೋರ್ಟ್ ಕೊಚ್ಚಿಯ ಹುಡುಗರಿಗೆಲ್ಲ ಬಾಯಿಪಾಠವಾಯಿತು. ಆಮೇಲೆ ಸುಬ್ರಾಯರು ತೀರಿಕೊಂಡರು. ಸುಧನ್ವನಿಗೆ ತಿರುವನಂತಪುರದಲ್ಲಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಸಿಕ್ಕಿತು. ಮದುವೆ, ಮಗಳು, ಹೊಟ್ಟೆ, ಕನ್ನಡಕ ಎಲ್ಲ ಬಂದವು. ಹಾಡು ಮಾತ್ರ ಬರಲಿಲ್ಲ.

ಹಾಗೆ ಇದ್ದವನನ್ನು ಹೋದ ವರ್ಷ ಫೋರ್ಟ್ ಕೊಚ್ಚಿಯ ಒಂದು ಕಾರ್ಯಕ್ರಮಕ್ಕೆ ಕರೆದರು. ಶಾಲು ಹೊದಿಸಿ ಹಳೆಯ ಹಾಡನ್ನೇ ಹಾಡಿಸಿದರು. ನಿರೂಪಕ ಮೈಕಿನಲ್ಲಿ "ಒಂದು ಕಾಲದಲ್ಲಿ ಇವರು" ಎಂದು ಶುರುಮಾಡಿದ್ದು ಸುಧನ್ವನ ಎದೆಗೆ ನಾಟಿತು. ಮನೆಗೆ ಬಂದವನೇ ಹೊಸ ಆಲ್ಬಂ ಮಾಡುತ್ತೇನೆಂದು ಹೊರಟ.

ಮಗಳು ಪ್ರತೀಕ್ಷಾಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಬೇಡ ಪಪ್ಪಾ, ಹಳೆಯದು ಹಾಗೇ ಚೆಂದ ಇದೆ, ಇದು ಕೆಟ್ಟರೆ ಅದರ ಮೇಲೂ ಮಸಿ ಬೀಳುತ್ತದೆ ಎಂದಳು.

"ಅದು ಬೇರೆ ಇದು ಬೇರೆ. ಇಪ್ಪತ್ತೆರಡು ವರ್ಷದವ ಮಾಡಿದ್ದನ್ನು ಐವತ್ತರವ ಬಂದು ಹೇಗೆ ಕೆಡಿಸ್ತಾನೆ?" ಎಂದ ಸುಧನ್ವ. "ಆಫೀಸಲ್ಲಿ ನನಗೆ ರಿಟೈರ್‌ಮೆಂಟ್ ಉಂಟು. ಹಾಡಿಗೂ ಉಂಟಾ?"

ಇಂದುಮತಿಯವರಿಗೆ ಇಬ್ಬರ ಮಾತೂ ಸರಿಯೆನಿಸಿತು. ಅವರು ಬೀನ್ಸಿನ ನಾರು ತೆಗೆಯುತ್ತಾ ಹೋದರು.

ಆ ದಿನಗಳಲ್ಲೇ ಹಳೆಯ ಓಣಿಯವರ ವಾಟ್ಸಾಪ್ ಗುಂಪಿನಲ್ಲಿ ಗೋದಾಮಿನ ಹಳೆಯ ಫೋಟೋ ಬಂತು. ಕೆಳಗೆ "ಅಜಿತನಿಗೆ ಆದರಾಂಜಲಿಗಳು" ಎಂದು ಶ್ರದ್ಧಾಂಜಲಿ ಬರೆದಿತ್ತು. ಸುಧನ್ವ ಅದನ್ನು ಕಂಡದ್ದು ವಾರ ಕಳೆದ ಮೇಲೆ. ಫೋಟೋದ ನಡುವೆ ಡಬ್ಬ ಹಿಡಿದು ನಗುತ್ತಿದ್ದ ಗೆಳೆಯನ ಮುಖವನ್ನು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡಿದ. ಅಜಿತ್ ವಿಳಿಂಜಂ ಬಂದರಿನೊಳಗೆ ಟ್ರೈಲರ್ ಓಡಿಸುವ ಕೆಲಸಕ್ಕೆ ಸೇರಿ ಬಹಳ ಕಾಲವಾಗಿರಲಿಲ್ಲ. ಮನೆಯಿಂದ ಒಂದು ಬಸ್ಸಿನ ದಾರಿ. "ಹೋಗಿ ನೋಡ್ಕೊಂಡು ಬಾ" ಎಂದು ಇಂದುಮತಿಯವರು ಹೇಳಿದಾಗೆಲ್ಲ "ಬರುವ ಆದಿತ್ಯವಾರ" ಎನ್ನುತ್ತಿದ್ದ. ಹೋಗಿರಲಿಲ್ಲ. ಈಗ ಯಾವ ಮುಖದಿಂದ ಮೇರಿಗೆ ಫೋನ್ ಮಾಡುವುದು? ಅಮ್ಮನಿಗೂ ಹೇಳಲಿಲ್ಲ. ಸಾವಿನ ಸುದ್ದಿ ಕೇಳಿ ಬಿಪಿ ಏರೀತು, ಮೆಲ್ಲ ಹೇಳಿದರಾಯಿತು ಎಂದುಕೊಂಡ. ಮುದುಕರಿಂದ ಸಾವು ಮುಚ್ಚಿಡುವುದು ಅವರ ಮನೆಯಲ್ಲಿ ಮೊದಲಿನಿಂದ ಬಂದದ್ದು. ಸುಬ್ರಾಯರ ಅಕ್ಕ ಹೋದದ್ದನ್ನು ಸುಬ್ರಾಯರಿಗೂ ಹೀಗೆಯೇ ಮುಚ್ಚಿಟ್ಟಿದ್ದರು.

ಫೋನ್ ಮಾಡಲಾರದವನು ಹಾಡು ಬರೆದ. ಹಳೆಯ ಹಾಡಿನ ಹಾಗೇ ಹೆಸರು ಕರೆಯುತ್ತಾ ಹೋಗಿ, ಕೊನೆಗೆ "ಅಜಿತ್" ಎಂದು ಕರೆದು ಸುಮ್ಮನಾದ. ಡಬ್ಬದ ಸದ್ದೂ ಇಲ್ಲ, ಓ ಎನ್ನುವವರೂ ಇಲ್ಲ. ಆಮೇಲೆ ಒಂದು ಸಾಲು, ಅವನು ಹೋದ, ಮಣ್ಣಿಗೆ ಹೋದ ಎಂದು. ಸ್ಟುಡಿಯೋದವನು ಕಣ್ಣೊರೆಸಿಕೊಂಡನಂತೆ.

ಆಲ್ಬಂ ಬಿಡುಗಡೆಯಾದ ದಿನ ಮಧ್ಯಾಹ್ನ ಇಂದುಮತಿಯವರ ಫೋನು ಬಡಿದುಕೊಂಡಿತು. ಮೇರಿ.

"ಇಂದುಚೇಚಿ, ನನ್ನ ಮಗ ಎಲ್ಲಿ? ನಿಮಗೆಲ್ಲ ಗೊತ್ತಿತ್ತಾ? ನನಗೊಬ್ಬಳಿಗೆ ಹೇಳಲಿಲ್ಲವಾ?"

"ಎಂಥ ಮೇರಿ? ಎಂಥ ಆಯ್ತು?"

"ಸುಧ ಹಾಡಿದ್ದಾನೆ. ನನ್ನ ಅಜಿ ಮಣ್ಣಿಗೆ ಹೋದ ಅಂತ ಹಾಡಿದ್ದಾನೆ. ಅಜಿ ಫೋನ್ ಎತ್ತುತ್ತಾ ಇಲ್ಲ ಚೇಚಿ."

ಅಜಿತ್ ಪಾಳಿಯ ಮೇಲಿದ್ದ, ಫೋನು ಹೊರಗೆ ಲಾಕರಿನಲ್ಲಿತ್ತು. ಹಗಲು ಕೆಲಸದಲ್ಲಿ ಅವನು ಫೋನ್ ಎತ್ತುವುದಿಲ್ಲವೆಂದು ಮೇರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ನಂಬಿದಳು. ಸುಧ ಅಜಿಯ ಹತ್ತಿರವೇ ಇರುವವನು, ಇಲ್ಲದ್ದನ್ನು ಹಾಡುವವನಲ್ಲ. ಆ ಹಳೆಯ ಹಾಡಿಗೆ ಅವಳೇ ಸಾಕ್ಷಿ ನಿಂತವಳು. ಸಂಜೆ ಮಗನ ದನಿ ಕೇಳುವವರೆಗೆ ಆಕೆ ನೀರು ಕೂಡ ಕುಡಿಯದೆ ನೆಲದ ಮೇಲೆ ಕೂತಿದ್ದಳಂತೆ. ಸತ್ತವನು ಅದೇ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿದ್ದ ಇನ್ನೊಬ್ಬ ಅಜಿತ್, ಗೋದಾಮಿನ ಲಾರಿ ಓಡಿಸುತ್ತಿದ್ದವನು.

"ನನ್ನತ್ರ ಒಂದು ಮಾತು ಕೇಳಿದ್ರೆ ನಾನು ಹೇಳ್ತಿದ್ದೆನಲ್ಲಾ!" ಎಂದು ಇಂದುಮತಿಯವರು ಹಣೆ ಚಚ್ಚಿಕೊಂಡರು. "ಆ ಫೋಟೋ ಬಂದ ಮೇಲೆ, ಕ್ರಿಸ್ಮಸ್ಸಿಗೆ ಅವನೇ ನನಗೆ ಫೋನ್ ಮಾಡಿದ್ದ. ನನ್ನಿಂದ ಮುಚ್ಚಿಡ್ಲಿಕ್ಕೆ ಹೋಗಿ ಜೀವಂತ ಇರುವವನನ್ನು ಹೂತು ಬಂದೆಯಲ್ಲ!"

ಸುಧನ್ವ ಆ ಹಾಡನ್ನು ಆಗಲೇ ತೆಗೆಸಿದ. ಅಷ್ಟರೊಳಗೆ ಊರು ನಗಲು ಶುರುಮಾಡಿತ್ತು. ನಕ್ಕರೆ ನಗಲಿ. ಪ್ರತೀಕ್ಷಾ ಫೋನಿನಲ್ಲಿ ಓದಿ ತೋರಿಸಿದ್ದು ಬೇರೆಯೇ. ಜನ ಹಳೆಯ ಹಾಡಿನ ಕೆಳಗೂ ಬರೆಯುತ್ತಿದ್ದರು: ಆ ಓ ಎಂದವರು ನಿಜವಾಗಿ ಇದ್ದರಾ, ಇಲ್ಲ ಅದೂ ಇವನೇ ದನಿ ಬದಲಾಯಿಸಿ ಹೇಳಿದ್ದಾ? ಪಾರಿವಾಳ ಎಲ್ಲಿಂದ ತಂದ? ಸುಧನ್ವ ಅದನ್ನು ಓದಿದವನು ಊಟದ ತಟ್ಟೆ ಸರಿಸಿ ಎದ್ದ.

ಆದಿತ್ಯವಾರ ಇಂದುಮತಿಯವರೇ ಮಗನನ್ನು ವಿಳಿಂಜಂಗೆ ಎಳೆದುಕೊಂಡು ಹೋದರು. ಮೀನಿನ ದೋಣಿಗಳ ಪಕ್ಕದ ಚಾಯದಂಗಡಿಯಲ್ಲಿ ಅಜಿತ್ ಕಾದಿದ್ದ. ತಲೆ ಪೂರಾ ಬೆಳ್ಳಗಾಗಿತ್ತು.

"ಬಾ ಸುಧ. ಸತ್ತವನಿಗೆ ಒಂದು ಚಾಯ ಕೊಡಿಸು."

ಸುಧನ್ವ ಅವನ ಕೈ ಹಿಡಿದುಕೊಂಡು ಅತ್ತ. ಅಜಿತ್ ಅವನ ಬೆನ್ನು ತಟ್ಟಿದ. "ಹಾಡು ಚೆನ್ನಾಗಿತ್ತು ಕಣೋ. ನನಗೇ ಅಳು ಬಂತು, ಎಂಥಾ ಒಳ್ಳೆಯವ ಹೋಗಿಬಿಟ್ಟ ಅಂತ." ಆಮೇಲೆ ನಗು ನಿಲ್ಲಿಸಿದ. "ನನ್ನದು ಬಿಡು. ಅಮ್ಮಚ್ಚಿ ಈಗ ದಿನಾ ಫೋನ್ ಮಾಡ್ತಾಳೆ. ಹೇಗಿದ್ದೀ, ಉಂಡೆಯಾ, ಯಾವುದೂ ಇಲ್ಲ. ಅಜೀ ಅಂತಾಳೆ. ನಾನು ಓ ಅನ್ನಬೇಕು. ಅಂದ ಮೇಲೆ ಇಟ್ಟುಬಿಡ್ತಾಳೆ. ಹೋಗಿ ಅವಳ ಮುಂದೆ ನಿಲ್ಲು."

ಮುಂದಿನ ರಜೆಗೆ ತಾಯಿ ಮಗ ರೈಲಿನಲ್ಲಿ ಎರ್ನಾಕುಳಂಗೆ ಹೋಗಿ, ಬೋಟಿನಲ್ಲಿ ಮಟ್ಟಾಂಚೇರಿಗೆ ದಾಟಿದರು. ಓಣಿಯಲ್ಲಿ ಎದುರು ಸಿಕ್ಕಿದವರು ಇಂದುಮತಿಯವರ ಮುಖ ನೋಡಿ ತಲೆಯಾಡಿಸಿ ಮುಂದೆ ಹೋದರು. ಸುಧನ ಅಮ್ಮ ಅಲ್ವಾ ಎಂದು ಯಾರೂ ಕೇಳಲಿಲ್ಲ.

ಮೇರಿ ಇಂದುಮತಿಯವರ ಕೈ ಹಿಡಿದು ಒಳಗೆ ಕರೆದುಕೊಂಡಳು. ಸುಧನ್ವ ಮೆಟ್ಟಿಲಿನಲ್ಲೇ ಉಳಿದ. "ಮೇರಿಚೇಚಿ" ಎಂದು ಅಲ್ಲಿಂದಲೇ ಕರೆದ. ಆಕೆ ಓ ಎನ್ನಲಿಲ್ಲ. ಒಲೆಯ ಮೇಲಿನ ಮೀನು ಮಗುಚಿ ಹಾಕಿದಳು.

"ಹೊಸ ಹಾಡು ತೆಗೆದನಂತಲ್ಲ ಚೇಚಿ," ಎಂದು ಇಂದುಮತಿಯವರಿಗೆ ಹೇಳಿದಳು. "ಹಳೆಯದರಿಂದ ನನ್ನ ಹೆಸರೂ ತೆಗೆಯಲಿ."

ಮೆಟ್ಟಿಲಿನಿಂದ ಸುಧನ್ವನ ದನಿ ಬಂತು: "ಅದು ನನ್ನ ಕೈಯಲ್ಲಿಲ್ಲ ಚೇಚಿ. ಎಲ್ಲರ ಫೋನಲ್ಲುಂಟು."

"ನಾನು ಒಲೆ ಬಿಟ್ಟು ಬಂದು ಓ ಅಂದದ್ದು, ಅವನು ಸುಳ್ಳು ಹೇಳುವವನಲ್ಲ ಅಂತ." ಮೇರಿ ಈಗಲೂ ಅವನತ್ತ ನೋಡಲಿಲ್ಲ. "ಈಗ ಅದನ್ನು ಕೇಳಿದರೆ ನನಗೆ ಆ ಮಧ್ಯಾಹ್ನವೇ ಕೇಳಿಸುತ್ತದೆ."

ಇಂದುಮತಿಯವರಿಗೆ ಮಗನ ಪರವಾಗಿ ಏನಾದರೂ ಹೇಳಬೇಕೆನಿಸಿತು. ಆದರೆ ಮಗ ತಪ್ಪು ಮಾಡಿದಾಗ ಮೇರಿಯ ಎದುರೇ ಬೈದು ಬೆಳೆಸಿದವರು ಅವರು. ಮೇರಿಯೂ ತನ್ನ ಮಗನನ್ನು ಹಾಗೇ ಬೆಳೆಸಿದವಳು.

ಮೇರಿ ಕೈ ಒರೆಸಿಕೊಂಡು ಫೋನ್ ತೆಗೆದಳು. ಅದು ಅಜಿತನ ಪಾಳಿ ಮುಗಿಯುವ ಹೊತ್ತು. ಫೋನು ರಿಂಗಾಗುತ್ತಲೇ ಹೋಯಿತು.

"ಅಜೀ."

"ಓ, ಅಮ್ಮಚ್ಚಿ."

ಮೇರಿ ಫೋನ್ ಇಟ್ಟಳು. ಬಾಗಿಲವರೆಗೆ ಬಂದಳು.

"ಸುಧಾ."

ಸುಧನ್ವ ತಲೆ ತಗ್ಗಿಸಿಯೇ ಕೂತಿದ್ದ. ಮೇರಿ ಕಾದು ನಿಂತಳು. ಇಂದುಮತಿಯವರಿಗೆ ತಡೆಯಲಾಗಲಿಲ್ಲ. ಒಳಗಿನಿಂದಲೇ ಗದರಿದರು:

"ಕರೆದ್ರೆ ಓ ಅನ್ಲಿಕ್ಕೆ ಬಾಯಿಲ್ವಾ ನಿನಗೆ?"