ಆರನೇ ಅಂಕಿ

ಮೊನ್ನೆ ಬೆಳಿಗ್ಗೆ ಹುಳಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಫೋನು ಟಿಣ್ ಎಂದಿತು. ನೋಡಿದರೆ ಆರು ಅಂಕಿಯ ಒಂದು ಒಟಿಪಿ. ಯಾವುದೋ ಪಾರ್ಸಲ್ಲಿನದು. ನಾನು ಏನನ್ನೂ ತರಿಸಿರಲಿಲ್ಲ. ಇಂಥದ್ದು ಬಂದರೆ ಹೆದರಿಕೊಳ್ಳಬೇಕು, ಯಾರಿಗೂ ಹೇಳಬಾರದು ಎಂದು ಬ್ಯಾಂಕಿನವರು ವಾರಕ್ಕೊಮ್ಮೆ ಬುದ್ಧಿ ಹೇಳುತ್ತಾರೆ. ನನಗೋ ಒಟಿಪಿ ಎಂದರೆ ಹೆದರಿಕೆಗಿಂತ ಮೊದಲು ನಗು ಬರುತ್ತದೆ. ಯಾಕೆಂದು ಹೇಳಬೇಕಾದರೆ ಭದ್ರಾವತಿಯ ಒಂದು ರೆಕಾರ್ಡ್ ರೂಮಿನಿಂದ ಶುರು ಮಾಡಬೇಕು. ಒಲೆ ಆರಿಸಿದ್ದೇನೆ, ನೀವೂ ಕೂತುಕೊಳ್ಳಿ.

ನಾನು ಕೆಲಸಕ್ಕೆ ಸೇರಿದ್ದು ಭದ್ರಾವತಿಯ ಶಾಖಾ ಕಚೇರಿಗೆ. ಇಲಾಖೆಯ ಹೆಸರು ಬೇಡ ಬಿಡಿ, ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ. ಕಚೇರಿಯ ಹಿಂಭಾಗದಲ್ಲಿ ಕಿಟಕಿಯಿಲ್ಲದ ಒಂದು ಉದ್ದನೆಯ ಕೋಣೆ, ಅದರ ತುಂಬ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಡತಗಳು. ಆ ಕೋಣೆಯ ಒಡೆಯರು ಆರ್ಮುಗಣ್ಣ. ಅವರ ತಂದೆ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ಇಲ್ಲೇ ನೆಲೆಯಾದವರು. ಆರ್ಮುಗಣ್ಣನಿಗೆ ಮನೆಯಲ್ಲಿ ತಮಿಳು, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದರೆ ಯಾಕೋ ತೆಲುಗು.

ಕಡತಗಳಿಗೆ ನಂಬರು ಇತ್ತು. ಆರ್ಮುಗಣ್ಣನಿಗೆ ನಂಬರಿನಲ್ಲಿ ನಂಬಿಕೆ ಇರಲಿಲ್ಲ. ಗೆದ್ದಲು ಮೊದಲು ತಿನ್ನುವುದೇ ನಂಬರನ್ನು ಎನ್ನುತ್ತಿದ್ದರು. ಅವರು ಕಡತಗಳನ್ನು ಮನುಷ್ಯರ ಹಾಗೇ ಕೂರಿಸುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ನೌಕರರಾದರೆ ಒಂದೇ ಕಟ್ಟು. ಮದುವೆಗೆ ಕರೆಯಲಿಲ್ಲವೆಂದು ಮುನಿಸಿಕೊಂಡವರು ಎದುರುಬದುರು ಕಪಾಟಿನಲ್ಲಿ. ಪದೇ ಪದೇ ರಜೆ ಹಾಕುವವರು ಬಾಗಿಲ ಪಕ್ಕ, ಕೈಗೆ ಸಿಗುವ ಹಾಗೆ. ಹೊಸದಾಗಿ ಬಂದ ಅಧಿಕಾರಿಗಳು ಇದೇನು ವ್ಯವಸ್ಥೆ ಎಂದು ಒಂದು ವಾರ ಕೂಗಾಡಿ, ಎಂಟನೇ ದಿನ "ಆರ್ಮುಗಂ, ಸ್ವಲ್ಪ ನೋಡಪ್ಪ" ಎನ್ನುತ್ತಿದ್ದರು. ಅವರು ಮೂರೇ ನಿಮಿಷದಲ್ಲಿ ಕಡತ ತಂದು ಮೇಜಿನ ಮೇಲಿಟ್ಟು ಕೈ ಕೊಡವಿಕೊಳ್ಳುತ್ತಿದ್ದರು. ಊರಿನ ಸುದ್ದಿ ಗೊತ್ತಿಲ್ಲದವರಿಗೆ ಮಾತ್ರ ಆ ಕೋಣೆಯಲ್ಲಿ ಒಂದು ಹಾಳೆಯೂ ಸಿಗುತ್ತಿರಲಿಲ್ಲ.

ಈಗ ಸರೋಜಳ ವಿಷಯಕ್ಕೆ ಬರಲೇಬೇಕು. ಸರೋಜ ನನ್ನ ಪಕ್ಕದ ಮೇಜಿನವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಶಿವಮೊಗ್ಗದಿಂದ ಬಂದು ಒಂದೇ ಬಸ್ಸಿನಲ್ಲಿ ಹೋಗುವವರು. ಮಧ್ಯಾಹ್ನ ಅವಳ ಡಬ್ಬಿ ನನ್ನದು, ನನ್ನ ಡಬ್ಬಿ ಅವಳದು. ಒಂದು ದಿನ ಹೊಸ ಅಧಿಕಾರಿಯೂ ನಮ್ಮ ಜೊತೆ ಊಟಕ್ಕೆ ಕೂತಿದ್ದಾಗ ನಾನು ಸರೋಜಳ ಹುಳಿಯನ್ನು ಒಂದು ತುತ್ತು ತಿಂದು, ಉಪ್ಪು ಸ್ವಲ್ಪ ಮುಂದಾಗಿದೆ ಎಂದೆ. ಅಷ್ಟೇ. ಮರುದಿನದಿಂದ ಅವಳು ಗೋಡೆಯ ಕಡೆಗೆ ತಿರುಗಿ ಊಟ ಮಾಡತೊಡಗಿದಳು. ಇವಳಿಗೆ ಇಷ್ಟಿದ್ದರೆ ನನಗೆಷ್ಟಿರಬೇಡ ಎಂದು ನಾನೂ ಕುರ್ಚಿ ತಿರುಗಿಸಿದೆ. ಬಸ್ಸಿನಲ್ಲಿ ಅವಳು ಮುಂದಿನ ಸೀಟು, ನಾನು ಹಿಂದಿನ ಸೀಟು. ಹೀಗೆ ಹನ್ನೊಂದು ವರ್ಷ ಕಳೆಯಿತು ಎಂದರೆ ನೀವು ನಂಬುವುದಿಲ್ಲ. ಜಗಳವಾದರೂ ಆಡಿದ್ದರೆ ಮುಗಿದುಹೋಗುತ್ತಿತ್ತು. ನಾವು ಆಡಿದ್ದು ಮೌನವನ್ನು, ಅದಕ್ಕೆ ರಾಜಿ ಮಾಡಿಸುವವರೂ ಸಿಗುವುದಿಲ್ಲ.

ಮೂರ್ನಾಲ್ಕು ವರ್ಷ ಹೀಗೆ ನಡೆದ ಮೇಲೆ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಬೇಕು ಎಂದು ಆದೇಶ ಬಂತು. ಮೇಲ್ವಿಚಾರಣೆ ನನ್ನ ಪಾಲಿಗೆ. ಗುತ್ತಿಗೆಯವರು ಒಂದು ಕಟ್ಟು ಬಿಚ್ಚಿ, ಅದನ್ನು ಒಂದೇ ಕಡತ ಮಾಡಿ, ಮೇಲಿನ ಹಾಳೆಯಲ್ಲಿದ್ದ ಹೆಸರು ಕೊಡುತ್ತಿದ್ದರು. ನಾನು ಮೊದಲ ಪುಟ ನೋಡಿ ಟಿಕ್ ಹಾಕುತ್ತಿದ್ದೆ. ಸರೋಜಳ ಹೆಸರು ಬಂದಾಗ ಮುಖ ತಿರುಗಿಸಿಕೊಂಡೇ ಟಿಕ್ ಹಾಕಿದ್ದೂ ನೆನಪಿದೆ. ಆ ಟಿಕ್ ಮುಂದೆ ನನ್ನ ಕುತ್ತಿಗೆಗೆ ಬಂತು. ಹಳೆಯ ಕಾಗದಗಳು ಬೇರೆ ಯಾವುದೋ ಊರಿನ ಗೋದಾಮಿಗೆ ಹೋದವು, ಆರ್ಮುಗಣ್ಣ ನಿವೃತ್ತರಾದರು, ಸರೋಜಳೂ ನಾನೂ ಶಿವಮೊಗ್ಗದ ಕಚೇರಿಗೆ ವರ್ಗವಾಗಿ ಬಂದೆವು.

ಆ ಕಂಪ್ಯೂಟರ್ ವ್ಯವಸ್ಥೆ ಮಹಾಸಾಗರ ಮಾರಾಯ್ರೆ. ಜಿಲ್ಲೆಯ ಎಲ್ಲ ಕಚೇರಿಗಳ ಕಾಗದವೂ ಅದರೊಳಗೆ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು. ಎಲ್ಲಿಡಬೇಕೆಂದು ತಿಳಿಯದ್ದನ್ನೆಲ್ಲ ಜನ 'ಇತರೆ' ಎಂಬ ಫೋಲ್ಡರಿಗೆ ತುಂಬಿದ್ದರು. ಅದು ತುಂಬಿದ ಮೇಲೆ 'ಇತರೆ ಹೊಸದು' ಹುಟ್ಟಿತು, ಆಮೇಲೆ 'ಇತರೆ ಕೊನೆಯದು', ಅದಾದ ಮೇಲೆ 'ಇತರೆ ನಿಜವಾಗಿ ಕೊನೆಯದು'. ಈ ಕಾಡಿನಲ್ಲಿ ದಾರಿ ಬಲ್ಲವಳು ನಾನೊಬ್ಬಳೇ ಎಂದು ಹೆಸರಾಯಿತು. ಏನು ಕಳೆದರೂ ಮೇಡಂ ಹುಡುಕಿಕೊಡುತ್ತಾರೆ ಎನ್ನುತ್ತಿದ್ದರು. ಹೊಸಬರಿಗೆ ತರಬೇತಿ ಕೊಡುವಾಗ ನನ್ನ ಗತ್ತನ್ನು ನೀವು ನೋಡಬೇಕಿತ್ತು. ಒಂದು ಸಭೆಯಲ್ಲಿ ನಾನೇ ಎದ್ದು ನಿಂತು, ನಿವೃತ್ತರ ಕಡತವನ್ನು ಯಾರು ಬೇಕಾದರೂ ತೆರೆಯುವ ಹಾಗಿರಬಾರದು, ಅವರ ಫೋನಿಗೆ ಒಟಿಪಿ ಹೋಗಿ ಅವರು ಒಪ್ಪಿದರೆ ಮಾತ್ರ ತೆರೆಯಬೇಕು ಎಂದು ಸಲಹೆ ಕೊಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಇಷ್ಟಾಗಿ ನನ್ನ ನಿವೃತ್ತಿಗೆ ಒಂದು ತಿಂಗಳು ಉಳಿಯಿತು. ಸೇವಾ ಪುಸ್ತಕದ ಮೊದಲ ಭಾಗ, ಅಂದರೆ ನಾನು ಭದ್ರಾವತಿಯಲ್ಲಿ ದುಡಿದ ಅಷ್ಟೂ ವರ್ಷಗಳ ದಾಖಲೆ, ಸೇರಿಸಿದರೆ ಮಾತ್ರ ಪಿಂಚಣಿ ಕಾಗದ ಮುಂದೆ ಹೋಗುತ್ತದೆ. ನನ್ನ ಹೆಸರು ಹಾಕಿ ಹುಡುಕಿದೆ. ಇಲ್ಲ. ಹುಟ್ಟಿದ ದಿನ ಹಾಕಿದೆ. ಇಲ್ಲ. ನಾಲ್ಕೂ 'ಇತರೆ'ಗಳಲ್ಲಿ ಒಂದೊಂದೇ ಪುಟ ತಿರುವಿದೆ. ಯಾರದೋ ಬೈಸಿಕಲ್ ಸಾಲದ ಅರ್ಜಿ ಸಿಕ್ಕಿತು, ಕಚೇರಿಯ ಬೆಕ್ಕನ್ನು ಹೊರಹಾಕುವ ಸುತ್ತೋಲೆ ಸಿಕ್ಕಿತು, ನಾನು ಸಿಗಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಮರ್ಯಾದೆಯ ಪ್ರಶ್ನೆ. ಊರಿಗೆಲ್ಲ ಹುಡುಕಿಕೊಟ್ಟವಳು ತನ್ನನ್ನೇ ಕಳೆದುಕೊಂಡಿದ್ದಾಳೆ ಎಂದರೆ ಆ ಹೊಸಬರು ನಗದೆ ಬಿಡುತ್ತಾರೆಯೇ? ಮೇಲಾಗಿ ಅಷ್ಟು ವರ್ಷ ದುಡಿದದ್ದೇ ಸುಳ್ಳೇನೋ ಎಂದು ನನಗೇ ಅನುಮಾನ ಬರತೊಡಗಿತ್ತು. ನಿಜವಾಗಿ ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ, ಆರ್ಮುಗಣ್ಣನ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದರು. ನನ್ನ ಕಥೆಯನ್ನೆಲ್ಲ ಕೇಳಿ, ಕಂಪ್ಯೂಟರಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಆವಾಗ ನೀವು ಯಾರ ಹತ್ರ ಮಾತು ಬಿಟ್ಟಿದ್ರಿ?" ಎಂದರು.

ಹೇಳಿದೆ. ಹಾಗಾದರೆ ನನ್ನ ಕಡತ ಅವಳ ಕಪಾಟಿನ ಎದುರಿನ ಕಪಾಟಿನಲ್ಲಿ ಇದ್ದಿರಬೇಕು, ಅಲ್ಲವೇ ಎಂದೂ ಸೇರಿಸಿದೆ. ಇಷ್ಟು ವರ್ಷಕ್ಕೆ ಅವರ ಲೆಕ್ಕಾಚಾರ ನನಗೂ ಗೊತ್ತಾಗಿತ್ತಲ್ಲ.

"ಅದು ನಿಜವಾಗ್ಲೂ ಜಗಳ ಆಡಿದೋರಿಗಮ್ಮ. ನಿಮ್ದು ಜಗಳಾನೇ ಅಲ್ಲ. ಅದಕ್ಕೇ ನಿಮ್ದು ಬಿಚ್ಚಿ ಅವರ ಕಟ್ಟಲ್ಲೇ ಸೇರಿಸಿ ಗಂಟು ಹಾಕ್ಬಿಟ್ಟೆ. ಒಬ್ರದ್ದು ಬೇಕಾದ್ರೆ ಇನ್ನೊಬ್ರನ್ನ ಕೇಳ್ಕೊಂಡು ಬರ್ಲಿ ಅಂತ."

ಅವರು ಹುರುಳಿಕಾಯಿಯ ನಾರು ಎಳೆದು ಪಕ್ಕಕ್ಕಿಟ್ಟರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಂದರೆ ನನ್ನ ಸೇವಾ ಪುಸ್ತಕ ಸರೋಜಳ ಕಡತದ ಹೊಟ್ಟೆಯಲ್ಲಿ ಅವಳ ಹೆಸರಿನಲ್ಲೇ ಸ್ಕ್ಯಾನ್ ಆಗಿ ಕೂತಿದೆ. ಸರೋಜ ನಿವೃತ್ತಳಾಗಿ ನಾಲ್ಕು ವರ್ಷವಾಗಿದೆ. ಅವಳ ಕಡತ ತೆರೆಯಬೇಕಾದರೆ ಅವಳ ಫೋನಿಗೆ ಒಟಿಪಿ ಹೋಗಬೇಕು. ಆ ನಿಯಮ ತಂದ ಮಹಾತಾಯಿ ಯಾರೆಂದು ನಿಮಗೆ ಗೊತ್ತೇ ಇದೆ.

ಸೋಮವಾರ ಕಚೇರಿಯಲ್ಲಿ ಎಲ್ಲರೂ ಕಾಫಿಗೆ ಎದ್ದುಹೋದ ಮೇಲೆ ಅವಳ ಕಡತದ ಮೇಲೆ ಒತ್ತಿದೆ. ಒಟಿಪಿ ಕಳುಹಿಸಲಾಗಿದೆ, ಹತ್ತು ನಿಮಿಷ ಮಾತ್ರ ಎಂದು ತೆರೆ ಹೇಳಿತು. ಅದರಲ್ಲಿ ನಾಲ್ಕು ನಿಮಿಷ ಧೈರ್ಯ ಮಾಡುವುದಕ್ಕೇ ಹೋಯಿತು. ಕೊನೆಗೆ ಫೋನು ಮಾಡಿದೆ. ಹನ್ನೊಂದು ವರ್ಷದ ಮೇಲೆ ನಾನು ಆಡಿದ ಮೊದಲ ಮಾತು ಇದು: "ನಿಮಗೊಂದು ಒಟಿಪಿ ಬಂದಿರುತ್ತೆ, ಹೇಳ್ತೀರಾ?"

ಆ ಕಡೆ ಕನ್ನಡಕ ಹುಡುಕುವ ಸದ್ದು. ಯಾರು, ಏನು, ಯಾಕೆ ಎಂದು ಅವಳು ಕೇಳಲೇ ಇಲ್ಲ. ಒಂದೊಂದೇ ಅಂಕಿಯನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಹೇಳಿದಳು. ಐದು ಹೇಳಿ ನಿಲ್ಲಿಸಿದಳು. ಇನ್ನೊಂದು ಎಂದೆ.

"ಆರನೇದು ಮನೆಗೆ ಬಂದ್ರೆ ಹೇಳ್ತೀನಿ."

ಫೋನು ಇಟ್ಟುಬಿಟ್ಟಳು. ಒಂದರಿಂದ ಹತ್ತರವರೆಗೆ ಯಾವುದಾದರೂ ಹಾಕಿ ನೋಡಬಹುದಿತ್ತು ಎಂದು ನನಗೆ ಹೊಳೆದದ್ದು ಆಟೋದಲ್ಲಿ ಕೂತ ಮೇಲೆ, ಅದರಲ್ಲೂ ಹತ್ತು ಎರಡು ಅಂಕಿ ಎಂದು ಹೊಳೆದದ್ದು ಇನ್ನೂ ಆಮೇಲೆ.

ಆಲ್ಕೊಳದ ಸರ್ಕಲ್ ದಾಟಿ ಎರಡನೇ ಅಡ್ಡರಸ್ತೆಯಲ್ಲಿ ಅವಳ ಮನೆ. ಬಾಗಿಲು ತೆರೆದೇ ಇತ್ತು. "ಬಾ ಮಾರಾಯ್ತಿ, ಚಪ್ಪಲಿ ಅಲ್ಲೇ ಬಿಡು" ಎಂದಳು, ನಿನ್ನೆ ಸಂಜೆ ಬಸ್ಸಿನಿಂದ ಇಳಿದು ಬೇರೆಯಾದವರ ಹಾಗೆ. ಉಪ್ಪಿಟ್ಟು ಕೊಟ್ಟಳು. ಉಪ್ಪು ಸರಿಯಾಗಿದೆಯೇ ಎಂದು ಕೇಳಿದಳು. ಸರಿಯಾಗಿದೆ ಎಂದೆ. ಉಪ್ಪೇ ಹಾಕಿರಲಿಲ್ಲ. ತಟ್ಟೆ ಖಾಲಿ ಮಾಡಿದೆ.

ಕೈ ತೊಳೆದು ಬಂದು ಆರ್ಮುಗಣ್ಣನ ಗಂಟಿನ ಕಥೆ ಹೇಳಲು ಹೊರಟೆ. ಅವಳು ತಡೆದಳು.

"ಗೊತ್ತು. ನಾನು ರಿಟೈರ್ ಆಗೋವಾಗ ಕಡತ ಪೂರ್ತಿ ತೋರಿಸಿದ್ರಲ್ಲ, ಅದರಲ್ಲಿ ನಿನ್ನ ಫೋಟೋ ನೋಡ್ದೆ. ಎರಡು ಜಡೆ ಹಾಕ್ಕೊಂಡಿದ್ಯಲ್ಲ, ಅದು. ಯಾವತ್ತಾದ್ರೂ ಇದಕ್ಕಾದ್ರೂ ಬರ್ತಾಳೆ ಅಂತ ಯಾರಿಗೂ ಹೇಳ್ಲಿಲ್ಲ. ನಾಲ್ಕು ವರ್ಷದಿಂದ ನಂಬರ್ ಬದಲಾಯಿಸ್ದೆ ಕಾಯ್ತಿದೀನಿ."

ನಾನು ಒಂದು ಲೋಟ ನೀರು ಕೇಳಿದೆ. ಅಷ್ಟು ಹೊತ್ತಿಗೆ ಆ ಒಟಿಪಿಯ ಅವಧಿ ಮುಗಿದಿತ್ತು, ಮರುದಿನ ನಾನು ಹೊಸದು ಕಳುಹಿಸಿದಾಗ ಅವಳು ಆರಕ್ಕೆ ಆರೂ ಫೋನಿನಲ್ಲೇ ಹೇಳಿದಳು. ನೂರಾ ನಲವತ್ತನೇ ಪುಟದಾಚೆ ನಾನು ಸಿಕ್ಕಿದೆ, ಎರಡು ಜಡೆ ಸಮೇತ. ಕಚೇರಿಯಲ್ಲಿ ನನ್ನ ಹೆಸರೂ ಉಳಿಯಿತು.

ಅದಾಗಿ ಮೂರು ವರ್ಷವಾಯಿತು. ಮೊನ್ನೆ ಆ ಒಟಿಪಿ ಬಂದ ಹಿಂದೆಯೇ ಸರೋಜಳ ಫೋನು ಬಂತು. ಏನೋ ಡಬ್ಬಿ ತರಿಸಿದ್ದಾಳೆ, ತನ್ನ ಫೋನಿಗಿಂತ ನನ್ನದರ ಮೇಲೆ ನಂಬಿಕೆ ಹೆಚ್ಚೆಂದು ನನ್ನ ನಂಬರ್ ಕೊಟ್ಟಿದ್ದಾಳೆ, ಪಾರ್ಸಲ್‌ನವನು ಅವಳ ಮನೆಯ ಗೇಟಿನಲ್ಲಿ ನಿಂತಿದ್ದಾನೆ. ನಾನು ಐದು ಅಂಕಿ ಹೇಳಿ ನಿಲ್ಲಿಸಿದೆ. ಆ ಪುಣ್ಯಾತ್ಮ ಹಿಂದಿನಿಂದ, ಇನ್ನೂ ಎಂಟು ಮನೆ ಇದೆ ಅಮ್ಮಾ ಎಂದು ಗೋಗರೆದ. ಅವನ ಮುಖ ನೋಡಿ, ಅಂದರೆ ದನಿ ಕೇಳಿ, ಆರನೆಯದನ್ನೂ ಹೇಳಿಬಿಟ್ಟೆ.

ಅರ್ಧ ಗಂಟೆಯಲ್ಲಿ ಅವಳು ಬಂದೇ ಬಂದಳು. ನೆಟ್ಟಗೆ ಅಡುಗೆಮನೆಗೆ ನಡೆದು, ಸೌಟಿನಿಂದ ಎರಡು ಹನಿ ಹುಳಿಯನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ, ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

"ಉಪ್ಪು ಸ್ವಲ್ಪ ಮುಂದಾಗಿದೆ ಕಣೇ."

ನಾನು ಎರಡು ತಟ್ಟೆ ಹಾಕಿದೆ, ಎದುರುಬದುರು.