ಜಗಳೂರಿನಲ್ಲಿ ನನ್ನ ಸದ್ದು ಕೇಳಿದವಳು

ಜಗಳೂರಿಗೆ ಬಂದ ಮರುದಿನ ಬೆಳಿಗ್ಗೆ ಎದ್ದಾಗ ಕಿವಿ ಹೋಯಿತೇನೋ ಎಂದು ಗಾಬರಿಯಾಯಿತು. ಹಾಸಿಗೆಯಲ್ಲೇ ಕೂತು ಚಪ್ಪಾಳೆ ತಟ್ಟಿ ನೋಡಿದೆ. ಚಪ್ಪಾಳೆ ಕೇಳಿಸಿತು, ಅದರ ಹಿಂದೆ ಏನೂ ಇರಲಿಲ್ಲ. ಕುಂದಾಪುರದ ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವಳು ನಾನು. ಅಲೆಯ ಮೊರೆತವಿಲ್ಲದ ಬೆಳಗನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಕುಂದಾಪುರದಲ್ಲೇ ಇರುವ ನೀವು ಅದನ್ನೊಂದು ಸದ್ದೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ಲವೇ?

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದಿದ್ದೆ. ಒಂಟಿ ಹೆಂಗಸಿಗೆ ಮನೆ ಕೊಡಲು ಎಲ್ಲರೂ ಹಿಂದೆಮುಂದೆ ನೋಡಿದರು. ಕೊನೆಗೆ ಗಂಗಮ್ಮ ಎಂಬ ವಿಧವೆ ತಮ್ಮ ಮನೆಯ ಹಿಂದಿನ ಕೋಣೆ ಕೊಟ್ಟರು. ಮೀನು ಬೇಯಿಸಬಾರದು ಎಂಬುದೊಂದೇ ಅವರ ಕಟ್ಟಳೆ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವಳು ಜೋಳದ ರೊಟ್ಟಿ ಅಗಿಯಲು ಕಲಿತೆ. ಭಾಷೆ ಕನ್ನಡವೇ ಆದರೂ ಎಡವುತ್ತಿದ್ದೆ. ಒಂದು ದಿನ ನಮ್ಮ ಕಡೆಯ ರೂಢಿಯಂತೆ "ನೀರು ಇತ್ತಾ?" ಎಂದು ಕೇಳಿದೆ. ನಮ್ಮಲ್ಲಿ 'ಇತ್ತು' ಎಂದರೆ ಈಗ ಇದೆ ಎಂದಲ್ಲವೇ?

"ಇತ್ತು ಟೀಚರ್ರೇ, ನಿನ್ನೆ," ಎಂದರು ಗಂಗಮ್ಮ. "ಈಗ ಎಲ್ಲೈತೆ?"

ಶಾಲೆ ಮುಗಿದ ಮೇಲಿನ ಹೊತ್ತು ಕಳೆಯುವುದೇ ಕಷ್ಟವಾಗಿತ್ತು. ಕೆಟ್ಟ ರೇಡಿಯೋಗಳ ಟ್ರಾನ್ಸಿಸ್ಟರುಗಳನ್ನು ಕಿತ್ತು, ಸೋಪಿನ ಡಬ್ಬಿಯೊಳಗೆ ಒಂದು ಸರ್ಕ್ಯೂಟ್ ಕಟ್ಟಿದೆ. ಅದರ ಮೇಲೆ ಬೆಳಕು ಬಿದ್ದರೆ ದನಿ ಏರುತ್ತಿತ್ತು, ಕೈ ಅಡ್ಡ ಹಿಡಿದರೆ ಇಳಿಯುತ್ತಿತ್ತು. ಮೋಡ ಹಾದುಹೋದರೂ ಸಾಕು, ನರಳಿದಂತೆ ಕೆಳಗಿಳಿಯುತ್ತಿತ್ತು. ಟೇಪ್ ರೆಕಾರ್ಡರ್ ಎದುರು ಅದನ್ನು ನುಡಿಸಿ, ಶಾಲೆಯ ಇನ್ನೊಂದು ರೆಕಾರ್ಡರ್ ತಂದು ಸದ್ದಿನ ಮೇಲೆ ಸದ್ದು ಕೂರಿಸಿದೆ. ತಾಳವಿಲ್ಲ, ರಾಗವಿಲ್ಲ. ಆದರೂ ನನ್ನ ಮಟ್ಟಿಗೆ ಅದು ಸಂಗೀತವೇ.

ಮೊದಲ ಕ್ಯಾಸೆಟ್ಟನ್ನು ಊರಿಗೆ, ತಮ್ಮನಿಗೆ ಕಳಿಸಿದೆ. "ಅಕ್ಕಾ, ದಾರಿಯಲ್ಲಿ ಕ್ಯಾಸೆಟ್ ಕೆಟ್ಟಿದೆ, ಬರೀ ಕುಂಯ್ ಅನ್ನುತ್ತದೆ" ಎಂದು ಉತ್ತರ ಬಂತು. ಗಂಗಮ್ಮ ಬಾಗಿಲಲ್ಲಿ ನಿಂತು ಕೇಳಿ, "ಅದಕ್ಕೆ ಹೊಟ್ಟೆನೋವು ಬಂದಂಗೈತೆ" ಎಂದರು.

ಶಾಲೆಯ ವಾರ್ಷಿಕೋತ್ಸವದಲ್ಲಿ ಎಲ್ಲರಿಗೂ ಕೇಳಿಸುವ ಧೈರ್ಯ ಹೇಗೆ ಬಂತೋ ಕಾಣೆ. ನನ್ನ ಕ್ಯಾಸೆಟ್ ಶುರುವಾಗುತ್ತಲೇ ಜನ ಕಿವಿ ಮುಚ್ಚಿಕೊಂಡರು. "ಮೈಕ್ ಕೆಟ್ಟೈತೆ, ಆಫ್ ಮಾಡ್ರೀ!" ಎಂದು ಯಾರೋ ಕೂಗಿದರು. ಮೈಕಿನವನು ನಿಜವೆಂದೇ ನಂಬಿ ಆಫ್ ಮಾಡಿದ. ಎಲ್ಲರೂ ನಕ್ಕರು. ನಾನು ಎಲ್ಲರೆದುರೇ ಹೋಗಿ ನನ್ನ ಕ್ಯಾಸೆಟ್ ತೆಗೆದುಕೊಂಡು ಬಂದೆ. ಮಕ್ಕಳ ಕೋಲಾಟ ಶುರುವಾಯಿತು.

ಅದೇ ವಾರ ಒಬ್ಬ ಹೆಂಗಸು ನನ್ನ ಕೋಣೆಗೆ ಬಂದಳು. ಹೆಸರು ನಿರ್ಮಲಾ, ಪಕ್ಕದ ಬೀದಿಯ ಜವಳಿ ಅಂಗಡಿಯವರ ಸೊಸೆ, ಸಂತೇಬೆನ್ನೂರಿನಿಂದ ಮದುವೆಯಾಗಿ ಬಂದವಳು.

"ಮೇಡಂ, ಅವತ್ತು ಅರ್ಧಕ್ಕೇ ನಿಲ್ಲಿಸಿಬಿಟ್ರಲ್ಲ," ಎಂದಳು. "ಆಮೇಲೆ ಏನಾಗ್ತಿತ್ತು?"

ಕಥೆ ಕೇಳುವವರ ಹಾಗೆ ಕೇಳಿದಳು. ನಾನು ಪೂರ್ತಿ ಹಾಕಿದೆ. ಮುಗಿಯುವವರೆಗೂ ಗೋಡೆಗೊರಗಿ ಕೂತಿದ್ದಳು.

"ಹೆಂಗಿದೆ?" ಎಂದೆ.

"ಬೇಜಾರು ಮಾಡ್ಕಬ್ಯಾಡ್ರಿ. ಎಲ್ಲಾ ಒಟ್ಟಿಗೇ ಮಾತಾಡ್ತಾವೆ, ನಮ್ಮನೆ ಜನರಂಗೆ. ಸ್ವಲ್ಪ ಬಾಯಿ ಮುಚ್ಚಿಸ್ರಿ."

ಬೇಜಾರು ಆಯಿತು. ಆದರೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಮುಂದಿನದರಲ್ಲಿ ಸದ್ದುಗಳನ್ನು ಕಡಿಮೆ ಮಾಡಿ, ನಡುವೆ ಮೌನ ಬಿಟ್ಟೆ. ಸಂತೆಯ ದಿನ ತರಕಾರಿ ಚೀಲದೊಂದಿಗೆ ಬಂದು ಅವಳು ಕೇಳುವಳು. ಕೆಲವು ಅವಳಿಗೆ ಹಿಡಿಸುತ್ತಿರಲಿಲ್ಲ. ಒಂದನ್ನು ಕೇಳುತ್ತ ನಿದ್ದೆಯನ್ನೇ ಮಾಡಿದಳು. ನಾನು ಸಂತೆಯ ದಿನಕ್ಕಾಗಿ ಕಾಯತೊಡಗಿದೆ.

ಆಮೇಲೊಂದು ಸಂತೆಗೆ ಅವಳು ಬರಲಿಲ್ಲ, ಮುಂದಿನದಕ್ಕೂ ಇಲ್ಲ. "ಅವರ ಅತ್ತೆ ಬರಾಕೆ ಬಿಡಾಕಿಲ್ಲಂತೆ," ಎಂದರು ಗಂಗಮ್ಮ. "ಆ ಮೇಡಂ ಮನೇಲಿ ಅದೇನೋ ಕೂಗಿಸ್ತಾಳೆ, ಬಸುರಿ ಹೆಂಗಸು ಕೇಳಬಾರದು ಅಂದ್ರಂತೆ."

ಬೀದಿಯಲ್ಲಿ ಎದುರಾದರೂ ಜೊತೆಗೆ ಅತ್ತೆ ಇರುತ್ತಿದ್ದರು. ನಿರ್ಮಲಾ ಕಣ್ಣಲ್ಲೇ ನಕ್ಕು ಮುಂದೆ ಹೋಗುತ್ತಿದ್ದಳು. ಆ ದಿನಗಳಲ್ಲಿ ಡಬ್ಬಿ ಮುಟ್ಟಲೂ ಮನಸ್ಸಾಗಲಿಲ್ಲ. ಯಾರಿಗೆ ನುಡಿಸಬೇಕು? ಕಡೆಗೊಮ್ಮೆ ಹೊಸದೊಂದನ್ನು ಮಾಡಿ, ಗಂಗಮ್ಮನವರ ಕೈಯಲ್ಲಿ ಕ್ಯಾಸೆಟ್ ಕಳಿಸಿದೆ. ಎಷ್ಟೋ ದಿನದ ಮೇಲೆ ಅದು ಮರಳಿ ಬಂತು. ಹಾಕಿ ಕೇಳಿದೆ. ಕೊನೆಯ ಭಾಗದಲ್ಲಿ ನನ್ನ ಸದ್ದು ತುಂಡಾಗಿ, ಪಿಸುದನಿಯೊಂದು ಬಂತು.

"ಮೇಡಂ, ನಾನು ನಿರ್ಮಲಾ. ಎಲ್ಲಾರೂ ಜವಳಿ ತರಾಕೆ ದಾವಣಗೆರೆಗೆ ಹೋಗ್ಯಾರೆ. ಈ ಸಲದ್ದು ಚೆನ್ನಾಗೈತೆ. ನಡುವೆ ಒಂದು ಕಡೆ ಸುಮ್ಮನಾಗ್ತೈತಲ್ಲ, ಅಲ್ಲಿ ನಂಗೆ ಅಳು ಬಂತು. ಯಾಕಂತ ಗೊತ್ತಿಲ್ಲ. ನಿಮ್ಮದನ್ನ ಅಳಿಸಿ ಮಾತಾಡ್ತಿದೀನೇನೋ, ಬೈಬ್ಯಾಡ್ರಿ. ಇದನ್ನ ಹೆಂಗೆ ನಿಲ್ಲಿಸಾದು..."

ಬೇಸಿಗೆ ರಜೆಗೆ ಊರಿಗೆ ಬಂದಾಗ ಆ ಕ್ಯಾಸೆಟ್ಟನ್ನು ಅಮ್ಮನಿಗೆ ಕೇಳಿಸಿದೆ. ಅಮ್ಮ ನನ್ನ ಸಲುವಾಗಿ ತಾಳ್ಮೆಯಿಂದ ಕೂತಿದ್ದಳು. ನಿರ್ಮಲಾಳ ದನಿ ಬಂದದ್ದೇ ಮುಂದಕ್ಕೆ ಬಾಗಿದಳು.

"ಇದ್ ಯಾರ್ ಮಾತ್?"

"ಜಗಳೂರಿನವಳು."

"ನಿನ್ನ ಜೊತೆಯವಳಾ?"

ಹೌದು, ಈಗ ಬಸುರಿ ಎಂದೆ. ಪಕ್ಕದ ಬೀದಿಯಲ್ಲಿದ್ದೂ ತಿಂಗಳುಗಟ್ಟಲೆ ಮಾತಾಡಿಲ್ಲ ಎಂಬುದನ್ನು ಹೇಳಲಿಲ್ಲ.

"ಅದನ್ನ ಒತ್ತ್, ನಾನೂ ಒಂದ್ ಮಾತ್ ಹೇಳ್ತೆ," ಎಂದು ಅಮ್ಮ ರೆಕಾರ್ಡರಿಗೆ ಬಾಯಿ ಹಚ್ಚಿದಳು. "ಮಗಾ, ನಮ್ಮ ಹುಡ್ಗಿಗೆ ಹೊತ್ತಿಗ್ ಸರಿಯಾಗಿ ಉಂಬುಕೆ ಹೇಳ್. ನೀನೂ ಉಣ್. ಬಸುರಿ ಅಂಬ್ರ್."

ಜಗಳೂರಿಗೆ ಮರಳಿದ ಮೇಲೆ ಗಂಗಮ್ಮ ಆ ಕ್ಯಾಸೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದರು. ಅಂದಿನಿಂದ ಅದು ಹೀಗೇ ಓಡಾಡುತ್ತಿದೆ. ನಿರ್ಮಲಾ ತನಗೆ ಹುಟ್ಟಿದ ಮಗಳ ಅಳು ತುಂಬಿ ಕಳಿಸುತ್ತಾಳೆ. ರಜೆಯಲ್ಲಿ ಅಮ್ಮ ಲಾಲಿ ಹಾಡಿ ತುಂಬುತ್ತಾಳೆ. ಅವರಿಬ್ಬರೂ ಒಬ್ಬರನ್ನೊಬ್ಬರು ಕಂಡಿಲ್ಲ. ನನ್ನ ಸಂಗೀತಕ್ಕೆ ಅದರಲ್ಲಿ ಉಳಿದಿರುವ ಜಾಗ ಸ್ವಲ್ಪವೇ.

ಊರಿನ ಹತ್ತಿರದ ಶಾಲೆಗೆ ವರ್ಗ ಕೇಳು ಎಂದು ತಮ್ಮ ಪ್ರತಿ ಸಲವೂ ಹೇಳುತ್ತಾನೆ. ಕೇಳುತ್ತೇನೆ ಎನ್ನುತ್ತೇನೆ. ಮಳೆಗಾಲಗಳು ಕಳೆದವು. ಇನ್ನೂ ಕೇಳಿಲ್ಲ.