ಸರಪಳಿ ಹೊಲಿಗೆಯ ನವಿಲು

ನಾನು ಚಿಕ್ಕವಳಿದ್ದಾಗ ನನ್ನವರು ಅಂತ ಇದ್ದದ್ದು ಅಕ್ಕ ಒಬ್ಬಳೇ. ಅಪ್ಪ ಅಮ್ಮ ತೀರಿಹೋದ ಮೇಲೆ ಮಾವ ನಮ್ಮಿಬ್ಬರನ್ನು ಆಗುಂಬೆಯಿಂದ ಕರೆತಂದು ಸಾಗರದ ಅನಾಥಾಲಯದಲ್ಲಿ ಬಿಟ್ಟಿದ್ದರು.

ಅಲ್ಲಿನ ದೊಡ್ಡ ಹುಡುಗಿಯರು ತಲಾ ಒಂದು ಮಾದರಿ ಬಟ್ಟೆ ಹೊಲಿಯಬೇಕಿತ್ತು. ಮೊಳದುದ್ದದ ಬಿಳಿ ಬಟ್ಟೆಯಲ್ಲಿ ಕಲಿತ ಹೊಲಿಗೆಯೆಲ್ಲ ಕಾಣಬೇಕು. ಅಕ್ಕ ಮೇಲೆ ಕೆಂಪು ದಾರದಲ್ಲಿ ಅಕ್ಷರಮಾಲೆ ಹೊಲಿದಳು. ಕೆಳಗೆ ಒಂದು ತೂತು ಕತ್ತರಿಸಿ, ಅದನ್ನು ನೂಲಿನಿಂದಲೇ ಹೆಣೆದು ಮುಚ್ಚಿದಳು. ಬೆರಳಾಡಿಸಿದರೂ ಆ ಜಾಗ ಸಿಗುತ್ತಿರಲಿಲ್ಲ. ಕೊನೆಗೆ ಸರಪಳಿ ಹೊಲಿಗೆಯಲ್ಲಿ ಒಂದು ನೀಲಿ ನವಿಲು. ಅದರ ಕಣ್ಣು ಎಳ್ಳಿಗಿಂತ ಸಣ್ಣದು. ಅದನ್ನು ಮನುಷ್ಯರ ಕೈ ಮಾಡಿದೆಯೆಂದು ನನಗೆ ನಂಬಲೇ ಆಗಲಿಲ್ಲ. ನಾನು ಶಾಲೆಯಲ್ಲಿ ಹೆಚ್ಚು ಓದಲಿಲ್ಲ; ಅಕ್ಷರ ಕಲಿತದ್ದೇ ಆ ಬಟ್ಟೆ ಸವರಿ.

ಹೊಲಿಗೆ ಟೀಚರ್ ಮೊದಲು ನೋಡುತ್ತಿದ್ದದ್ದು ಹಿಂಬದಿಯನ್ನು. ಒಂದು ಗಂಟೂ ಕಾಣಬಾರದು. "ಇವಳ ಬಟ್ಟೇಲಿ ಹಿಂದ್ಯಾವ್ದು ಮುಂದ್ಯಾವ್ದು ಅಂತ ಆ ನವಿಲನ್ನೇ ಕೇಳ್ಬೇಕು ಮಾರಾಯ್ತಿ!" ಎಂದು ಹುಡುಗಿಯರು ನಗುತ್ತಿದ್ದರು. ಎಲ್ಲರಿಗಿಂತ ಚೆನ್ನಾಗಿ ಹೊಲಿದವಳನ್ನು ಹೆಚ್ಚಿನ ಹೊಲಿಗೆ ಕಲಿಯಲು ಶಿವಮೊಗ್ಗಕ್ಕೆ ಕಳಿಸುತ್ತಿದ್ದರು. ಆ ವರ್ಷ ಹೋಗುವವಳು ಅಕ್ಕನೇ ಎಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಬಟ್ಟೆ ನೋಡುವ ದಿನ ಬೆಳಿಗ್ಗೆ ಎಲ್ಲರೂ ಗಂಜಿಗೆ ಕುಳಿತಿದ್ದಾಗ ನಾನು ಹೊಲಿಗೆ ಕೋಣೆಗೆ ನುಸುಳಿದೆ. ಸರಪಳಿ ಹೊಲಿಗೆಯ ಕೊನೆಯ ಕುಣಿಕೆ ಬಿಚ್ಚಿದರೆ ಸಾಕು, ಉಳಿದದ್ದು ತಾನೇ ಬರುತ್ತದೆ. ಸೂಜಿಯಿಂದ ಬಿಡಿಸಿ ಎಳೆದೆ. ಬಾಲ, ಬೆನ್ನು, ಕತ್ತು ಸರ್ರನೆ ಬಂದವು. ಬಟ್ಟೆಯ ಮೇಲೆ ಸೂಜಿತೂತುಗಳ ನವಿಲೊಂದು ಉಳಿಯಿತು.

"ಏನೇ ಇದು? ಕೊನೇ ಹೊಲಿಗೆ ಭದ್ರ ಮಾಡಕ್ಕೆ ಬರಲ್ವಾ ನಿಂಗೆ?" ಎಂದು ಟೀಚರ್ ಬಟ್ಟೆ ಹಿಡಿದು ಅಕ್ಕನನ್ನು ಕೇಳಿದರು.

ಅಕ್ಕ ನನ್ನ ಕಡೆ ನೋಡಿದಳು. ನನ್ನ ಉಗುರಿಗೆ ನೀಲಿ ಎಳೆ ಸಿಕ್ಕಿಕೊಂಡಿತ್ತು.

"ಮರ್ತೋಯ್ತು ಟೀಚರ್," ಎಂದಳು.

ಶಿವಮೊಗ್ಗಕ್ಕೆ ಬೇರೊಬ್ಬಳು ಹೋದಳು. ಅಕ್ಕ ಬಾವಿಕಟ್ಟೆಯ ಹತ್ತಿರ ನನಗೆ ಹೇಳಿದ್ದು ಇಷ್ಟೇ: "ಕಲ್ತ್ಕಂಡು ಬಂದು ನಿನ್ನೂ ಕರ್ಕಂಡು ಹೋಗ್ಬೇಕು ಅಂತಿದ್ದೆ ಕಣೇ."

ತಪ್ಪಾಯ್ತು ಅನ್ನುವ ಮಾತು ಆಗ ನನ್ನ ಬಾಯಿಂದ ಬರಲಿಲ್ಲ. ಅಕ್ಕ ಇರುವವರೆಗೂ ಬರಲಿಲ್ಲ.

ಮಕ್ಕಳೇ, ಬೇರೆ ಬೇರೆ ಕೋಣೆ ಬೇಕೆಂದು ನೀವು ಜಗಳವಾಡುತ್ತೀರಿ. ನಮ್ಮಿಬ್ಬರಿಗೆ ಇದ್ದದ್ದು ಒಂದೇ ಚಾಪೆ. ಅದರ ಅರ್ಧ ಖಾಲಿಯಾದೀತೆಂಬ ಭಯಕ್ಕೆ ನಾನು ಹಾಗೆ ಮಾಡಿದೆ. ನೀವು ಬೇರೆ ಕೋಣೆಗಳಲ್ಲೇ ಮಲಗಿ. ಆದರೆ ತಪ್ಪು ಮಾಡಿದ ದಿನವೇ ಹೋಗಿ ಇನ್ನೊಬ್ಬರ ಬಾಗಿಲು ತಟ್ಟಿಬಿಡಿ.